ವೆರಿ ಗುಡ್ ಎಂದು ಬರೆದ ಹನ್ನೊಂದು ದಿನ

ಆ ನೋಟ್‌ಬುಕ್ ಈಗಲೂ ನಮ್ಮ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಮೂಲೆಗೆ ತೂತು ಮಾಡಿ ದಾರ ಕಟ್ಟಿದವಳು ನಾನೇ. ಮೊದಲ ಪುಟದಲ್ಲಿ ಹನ್ನೊಂದು ಸಾಲುಗಳಿವೆ. ಎಡಕ್ಕೆ ತಾರೀಖು, ನಡುವೆ ತೂಕ, ಬಲಗಡೆ ಮಾರ್ಜಿನ್ನಿನಲ್ಲಿ ಕೆಂಪು ಇಂಕಿನ ರಿಮಾರ್ಕ್. ಅಕ್ಷರಗಳು ಮುದ್ದಾಗಿಯೇ ಇವೆ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ ಕರ್ಸಿವ್ ಅದು. ಎಪ್ಪತ್ತು ದಾಟಿದರೂ ಕೈ ಮರೆತಿಲ್ಲ. ಆ ಪುಟವನ್ನು ಹರಿದು ಹಾಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹರಿಯಲಾಗಿಲ್ಲ.

ಅದು ನನ್ನ ಓರಗಿತ್ತಿಯ ತೂಕ. ಅಣ್ಣತಮ್ಮಂದಿರಿಬ್ಬರಿಗೆ ಸಿಕ್ಕ ಇಬ್ಬರು ಹೆಂಡತಿಯರು ನಾವು. ಅವರಿಬ್ಬರೂ ಹೋಗಿ ವರ್ಷಗಳಾದವು, ನಾವಿಬ್ಬರೂ ಕಡೂರಿನ ಈ ಸಣ್ಣ ಮನೆಯಲ್ಲಿ ಉಳಿದುಕೊಂಡೆವು. ಅವಳು ಪಂಚನಹಳ್ಳಿ ಕಡೆಯವಳು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಬಂದ ವರ್ಷವೇ ಅವಳು ಒಲೆ ಹಿಡಿದಳು, ನಾನು ತರೀಕೆರೆಯ ಸ್ಕೂಲಿಗೆ ಬಸ್ಸು ಹಿಡಿದೆ. ನಾವು ಕೂತು ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ ಅದು, ತಾನಾಗಿಯೇ ಆಯಿತು. ಮನೆಯಲ್ಲಿ ಬಾಯಿಗೆ ಹೋಗುವುದೆಲ್ಲ ಅವಳದು, ಕಾಗದಕ್ಕೆ ಹೋಗುವುದೆಲ್ಲ ನನ್ನದು. ಬ್ಯಾಂಕಿನ ಫಾರಮ್ಮು, ರೇಷನ್ ಕಾರ್ಡು, ಡಾಕ್ಟರ ಚೀಟಿ ಏನೇ ಬಂದರೂ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಹಿಡಿದು, “ಓದಕ್ಕ, ಏನಂತೆ?” ಅನ್ನುತ್ತಿದ್ದಳು. ನಾನು ಓದುತ್ತಿದ್ದೆ. ನಲವತ್ತು ವರ್ಷ ಹೀಗೇ ನಡೆಯಿತು.

ಅವಳಿಗೆ ಬಿಪಿ ಇತ್ತು. ಇದೆ ಎಂದು ನಮಗೆ ಗೊತ್ತೂ ಇತ್ತು, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಲೆ ಸುತ್ತಿದ ದಿನ ಮಾತ್ರೆ ನುಂಗುವಳು, ಸುತ್ತದಿದ್ದರೆ ಸ್ಟ್ರಿಪ್ಪನ್ನು ಸಾಸಿವೆ ಡಬ್ಬಿಯ ಹಿಂದೆ ಸೇರಿಸುವಳು. “ಚೆನ್ನಾಗಿರೋ ಮೈಗೆ ಯಾಕಕ್ಕ ಮಾತ್ರೆ? ಉಷ್ಣ ಅದು,” ಎನ್ನುವಳು. ನಾನು ಒಂದೆರಡು ಸಲ ಗದರಿದೆ, ಆಮೇಲೆ ಬಿಟ್ಟೆ. ಬಿಪಿ ಅನ್ನುವುದು ನೋಯುವುದಿಲ್ಲ. ನೋಯದ್ದನ್ನು ನಮ್ಮ ಕಡೆ ಕಾಯಿಲೆಯೆಂದು ಯಾರು ಒಪ್ಪುತ್ತಾರೆ? ವರ್ಷಗಟ್ಟಲೆ ಆ ಒತ್ತಡದ ಎದುರು ಪಂಪು ಹೊಡೆದು ಹೊಡೆದು ಅವಳ ಹಾರ್ಟು ಹಿಗ್ಗಿ, ಸಡಿಲವಾಗುತ್ತಿತ್ತು. ಅವಳು ಅದೇ ಹಾರ್ಟಿಟ್ಟುಕೊಂಡು ಮುದ್ದೆ ತಿರುವುತ್ತಿದ್ದಳು. ನಾನು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದೆ.

ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ ಅವಳ ದಿಂಬುಗಳು ಹೆಚ್ಚಾದವು. ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಆಮೇಲೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಕೇಳಿದರೆ, “ಮಲಗಿದ್ರೆ ಎದೆ ಮೇಲೆ ಯಾರೋ ಕೂತಂಗಾಗ್ತದೆ ಕಣಕ್ಕ. ಕಫ ಇರ್ಬೇಕು,” ಅಂದಳು. ಶುಂಠಿ ಕಷಾಯ ಕುಡಿಸಿದೆವು, ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದೆವು. ಒಂದು ಬೆಳಗ್ಗೆ ಹಿತ್ತಿಲಿನಿಂದ ಅಡುಗೆಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ನಿಂತಳು. ಅವತ್ತು ಊರಿನ ಡಾಕ್ಟರು ಇಸಿಜಿ ತೆಗೆದು, ಏನೂ ವಿವರಿಸದೆ ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಕೋ ಮಾಡುವಾಗ ನನ್ನನ್ನೂ ಒಳಗೆ ಬಿಟ್ಟರು. ಕಪ್ಪು ಪರದೆಯ ಮೇಲೆ ಅವಳ ಹಾರ್ಟನ್ನು ನೋಡಿದೆ. ಹಾರ್ಟು ಎಂದರೆ ಕುದುರೆಯ ಹಾಗೆ ನೆಗೆಯುತ್ತಿರುತ್ತದೆ ಎಂದುಕೊಂಡಿದ್ದೆ. ಅದು ನೆಗೆಯುತ್ತಿರಲಿಲ್ಲ. ತುಂಬಿದ ಚೀಲವನ್ನು ಯಾರೋ ಮನಸ್ಸಿಲ್ಲದೆ ಅದುಮಿ ಬಿಡುತ್ತಿದ್ದ ಹಾಗಿತ್ತು. “ಪಂಪಿಂಗ್ ವೀಕ್,” ಎಂದ ಟೆಕ್ನಿಷಿಯನ್. ಓರಗಿತ್ತಿ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ, “ನಮ್ಮೂರ ಬೋರ್‌ವೆಲ್ ಇದ್ದಂಗೆ ಬುಡಪ್ಪಾ,” ಅಂದಳು. ಅವನು ನಕ್ಕ. ನಾನೂ ನಕ್ಕೆ.

ಆರು ದಿನ ಅಲ್ಲಿದ್ದೆವು. ಕೈಗೆ ಸೂಜಿ ಚುಚ್ಚಿ ಮೈಯ ನೀರು ಇಳಿಸಿದರು. ಊದಿದ್ದ ಕಾಲು ಇಳಿಯಿತು, ಮುಖ ಇಳಿಯಿತು, ಕಾಲರ್ ಬೋನ್ ಮೇಲೆದ್ದಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಉಸಿರೇನೋ ಸಲೀಸಾಯಿತು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಮೂಳೆಗಳು. ಆಸ್ಪತ್ರೆಯವರು ಇವಳನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ, ಮನೆಗೆ ಕರೆದುಕೊಂಡು ಹೋಗಿ ಮತ್ತೆ ಮೊದಲಿನಂತೆ ಮಾಡಬೇಕು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಡಿಸ್ಚಾರ್ಜ್ ದಿನ ಡಾಕ್ಟರ ರೂಮಿನ ಹೊರಗೆ ಬೆಂಚಿನಲ್ಲಿ ಕಾದೆವು. ನಮಗಿಂತ ಮುಂಚೆ ಲಕ್ಕವಳ್ಳಿ ಕಡೆಯ ಒಬ್ಬ ಮುದುಕರು ಒಳಗೆ ಹೋದರು. ಅವರ ಜೊತೆ ಸೊಸೆ ಇದ್ದಳು. ಬಾಗಿಲು ಮುಚ್ಚಿತ್ತು. ಒಳಗಿನಿಂದ ಡಾಕ್ಟರು ಕನ್ನಡದಲ್ಲಿ ಬಹಳ ಹೊತ್ತು ಏನೋ ಹೇಳುವುದು, ಸೊಸೆ ನಡುವೆ ಕೇಳುವುದು, ಮತ್ತೆ ಅವರು ಹೇಳುವುದು ಎಲ್ಲ ಅಸ್ಪಷ್ಟವಾಗಿ ಕೇಳುತ್ತಿತ್ತು. ಹೊರಗೆ ಬಂದ ಸೊಸೆ ಬೆರಳು ಮಡಚುತ್ತ ಏನನ್ನೋ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಇಷ್ಟು ಹೊತ್ತು ತೆಗೆದುಕೊಂಡರಲ್ಲ ಎಂದು ನನಗೆ ಕಿರಿಕಿರಿಯಾಗಿತ್ತು.

ನಮ್ಮ ಸರದಿ ಬಂತು. ನಾನು ಒಳಗೆ ಹೋದವಳೇ, “ಗುಡ್ ಮಾರ್ನಿಂಗ್ ಡಾಕ್ಟರ್. ವಾಟ್ ಪ್ರಿಕಾಷನ್ಸ್ ಶುಡ್ ವೀ ಟೇಕ್?” ಎಂದೆ. ಆ ಯುವಕನ ದಣಿದ ಮುಖ ಸಡಿಲವಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಾಪ, ಹೊರಗೆ ಇನ್ನೂ ಇಪ್ಪತ್ತು ಜನ ಇದ್ದರು. “ಓ, ಯೂ ಆರ್ ಎಜುಕೇಟೆಡ್, ಗುಡ್,” ಎಂದು ಪೇಪರಿನ ಮೇಲೆ ಪೆನ್ನು ಓಡಿಸುತ್ತ, “ಸಾಲ್ಟ್ ರಿಸ್ಟ್ರಿಕ್ಷನ್, ಫ್ಲೂಯಿಡ್ ರಿಸ್ಟ್ರಿಕ್ಷನ್, ಡೈಲಿ ವೇಟ್ ಚಾರ್ಟ್. ಎಲ್ಲ ಸಮ್ಮರಿಯಲ್ಲಿದೆ. ಎನಿ ಡೌಟ್ಸ್, ಮೇಡಂ?” ಎಂದರು.

“ನೋ ಡಾಕ್ಟರ್. ಪರ್ಫೆಕ್ಟ್ಲಿ ಕ್ಲಿಯರ್,” ಎಂದೆ.

ಡೌಟ್ ಇರಲಿಲ್ಲ ಎಂದಲ್ಲ, ತೂಕ ಯಾತಕ್ಕೆ ನೋಡಬೇಕೆಂದು ಒಂದು ಕ್ಷಣ ಅನ್ನಿಸಿತ್ತು. ಆದರೆ ಕಾಯಿಲೆ ಬಿದ್ದು ಸೊರಗಿದವರ ತೂಕವನ್ನು ಯಾತಕ್ಕೆ ನೋಡುತ್ತಾರೆ? ಕೂಡಿಕೊಳ್ಳುತ್ತಿದೆಯೇ ಇಲ್ಲವೇ ಎಂದು ತಿಳಿಯಲು. ನನಗೆ ಅದರಲ್ಲಿ ಕೇಳುವಂಥದ್ದು ಕಾಣಲಿಲ್ಲ. ಹೊರಗೆ ಬಂದಾಗ ಓರಗಿತ್ತಿ, “ಇಷ್ಟ್ ಬೇಗ ಆಯ್ತಾ? ಆ ಅಜ್ಜಂಗೆ ಅಷ್ಟೊತ್ತು ಹೇಳಿದ್ರು,” ಅಂದಳು. “ಅವರಿಗೆ ಅರ್ಥ ಆಗಲ್ಲ ಕಣೇ, ಅದಕ್ಕೆ,” ಎಂದೆ.

ಕಡೂರಿಗೆ ಬಂದ ಮರುದಿನವೇ ತೂಕದ ಮೆಷಿನ್ ತರಿಸಿದೆ. ದಿನಾ ಬೆಳಗ್ಗೆ ಮುಖ ತೊಳೆದ ಮೇಲೆ, ಕಾಫಿಗೆ ಮುಂಚೆ ಅವಳನ್ನು ಅದರ ಮೇಲೆ ನಿಲ್ಲಿಸುವುದು. ಮೊದಲ ದಿನ ನಲವತ್ತಾರು ಕೆಜಿ. ಮೂರನೇ ದಿನ ನಲವತ್ತೆಂಟು. ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಗುಡ್’ ಎಂದು ಬರೆದೆ, ಸ್ಕೂಲಿನ ಮಕ್ಕಳ ನೋಟ್ಸಿಗೆ ಬರೆಯುತ್ತಿದ್ದಂತೆ. ಅವಳು ಬಗ್ಗಿ ನೋಡಿ, “ಏನಕ್ಕ ಅದು ಕೆಂಪಗೆ?” ಅಂದಳು. ಓದಿ ಹೇಳಿದೆ. “ಅಯ್ಯ, ಈ ವಯಸ್ಸಲ್ಲಿ ಪಾಸಾದೆ ನೋಡು,” ಎಂದು ಬಾಯಿಗೆ ಸೆರಗು ಮುಚ್ಚಿ ನಕ್ಕಳು.

ಉಪ್ಪನ್ನು ಕಡಿಮೆ ಮಾಡಿದ್ದೆವು. ಅಷ್ಟು ನಿಜ. ಉಪ್ಪಿನಕಾಯಿ ಜಾಡಿಯನ್ನು ನಾನೇ ಅಟ್ಟದ ಮೇಲಿಟ್ಟೆ. ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದೆ, ದಿನಕ್ಕೆ ಇಷ್ಟೇ ಎಂದು. ಆದರೆ ಅವಳ ತಮ್ಮ ಪಂಚನಹಳ್ಳಿಯಿಂದ ಬೈಕಿನ ಹಿಂದೆ ಒಂದು ಚೀಲ ಎಳನೀರು ಕಟ್ಟಿಕೊಂಡು ಬಂದ. “ಆಸ್ಪತ್ರೇಲಿ ಸೂಜಿ ಚುಚ್ಚಿ ಚುಚ್ಚಿ ಮೈ ಬೆಂದೋಗಿರ್ತದೆ ಅಕ್ಕ, ದಿನಕ್ಕೆ ಎರಡು ಕುಡಿಸಿ, ತಂಪು,” ಅಂದ. ಕುಡಿಸಿದೆವು. ಎಳನೀರನ್ನು ನಾನು ಲೋಟದ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಎಳನೀರು ನಮ್ಮ ಕಡೆ ನೀರಲ್ಲ, ಔಷಧಿ. ನೋಡಲು ಬಂದವರೆಲ್ಲ ಏನಾದರೂ ತರುತ್ತಿದ್ದರು. ಗಂಜಿ ತಂದರು, ಬೇಳೆ ಕಟ್ಟಿನ ಸಾರು ತಂದರು, ಫ್ಲಾಸ್ಕಿನಲ್ಲಿ ಬಾದಾಮಿ ಹಾಲು ತಂದರು. ರೋಗಿಯನ್ನು ಬರಿಗೈಯಲ್ಲಿ ನೋಡುವುದುಂಟೆ? ತಂದದ್ದನ್ನು ಬೇಡ ಎನ್ನುವುದುಂಟೆ?

ಎಂಟನೇ ದಿನ ಎದುರುಮನೆಯಾಕೆ ಬಂದು ಬಾಗಿಲಲ್ಲೇ ನಿಂತು ಗಲ್ಲಕ್ಕೆ ಕೈಯಿಟ್ಟುಕೊಂಡಳು.

“ಅಯ್ಯೋ ನೋಡ್ರೀ, ಮುಖದಲ್ಲಿ ಕಳೆ ಬಂದ್ಬಿಟ್ಟೈತೆ! ಅವತ್ತು ಬಂದಾಗ ಕಡ್ಡಿ ಇದ್ದಂಗಿದ್ರು. ಈಗ ಕೆನ್ನೆ ತುಂಬ್ಕೊಂಡವೆ.”

“ದೃಷ್ಟಿ ಹಾಕ್ಬೇಡ ಕಣೆ,” ಎಂದಳು ಓರಗಿತ್ತಿ.

“ಹಾಕಿದ್ರೆ ನಾನೇ ತೆಗೀತೀನಿ ಬುಡಿ. ಟೀಚರಮ್ಮ ಇರೋ ಮನೇಲಿ ಕಾಯಿಲೆ ಎಷ್ಟು ದಿನ ಇರ್ತದೆ? ಬೆತ್ತ ತೋರ್ಸಿ ಓಡಿಸ್ಬಿಡ್ತಾರೆ!”

ನಾನು ಒಳಗೆ ಹೋಗಿ ನೋಟ್‌ಬುಕ್ ತಂದು ಅವಳಿಗೆ ತೋರಿಸಿದೆ. ತೋರಿಸಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ನಲವತ್ತೊಂಬತ್ತೂವರೆ. ಅವತ್ತಿನ ರಿಮಾರ್ಕ್ ‘ವೆರಿ ಗುಡ್’. ಓರಗಿತ್ತಿಯ ಮಗಳು ಅಜ್ಜಂಪುರದಿಂದ ಫೋನ್ ಮಾಡಿದಾಗಲೂ ದಿನದ ನಂಬರನ್ನು ಮೊದಲು ಹೇಳುತ್ತಿದ್ದೆ. “ನೀವಿರೋದ್ರಿಂದ ನಂಗೆ ಧೈರ್ಯ ದೊಡ್ಡಮ್ಮ,” ಎನ್ನುತ್ತಿತ್ತು ಆ ಹುಡುಗಿ.

ಹನ್ನೊಂದನೇ ದಿನ ಐವತ್ತೊಂದು. ‘ವೆರಿ ಗುಡ್’ ಕೆಳಗೆ ಎರಡು ಗೆರೆ ಎಳೆದೆ.

ಹನ್ನೆರಡನೇ ದಿನ ಬೆಳಗ್ಗೆ ಏಳು ಗಂಟೆಗೆ ನಾನು ಮೆಷಿನ್ ಸರಿಯಾಗಿಟ್ಟು ಕರೆದೆ. ಬರಲಿಲ್ಲ. ಬಚ್ಚಲ ಮೆಟ್ಟಿಲ ಮೇಲೆ ಎರಡೂ ಕೈಯೂರಿ ಕೂತಿದ್ದಳು. ಬಾಯಿ ತೆರೆದಿತ್ತು. ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು, ಎದೆಯೊಳಗೆ ಏನೋ ಕುದಿಯುತ್ತಿರುವಂತೆ ಸದ್ದು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. “ಅಕ್ಕ… ನಿಂತ್ಕೊಳಕ್ಕಾಗಕ್ಕಿಲ್ಲ… ಇವತ್ತು… ತೂಕ ಬ್ಯಾಡ,” ಅಂದಳು. ಅಂಥ ಹೊತ್ತಿನಲ್ಲೂ ನನ್ನ ಚಾರ್ಟ್ ತಪ್ಪಿಹೋಗುತ್ತದಲ್ಲ ಎಂಬ ಸಂಕೋಚ ಅವಳಿಗೆ.

ಎದುರುಮನೆಯಾಕೆ ಓಡಿಹೋಗಿ ಊರಿನ ಡಾಕ್ಟರನ್ನು ಕರೆತಂದಳು. ಅವರು ಓರಗಿತ್ತಿಯ ಸೀರೆಯನ್ನು ಸ್ವಲ್ಪ ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳನ್ನು ಒತ್ತಿ ತೆಗೆದರು. ಒತ್ತಿದ ಜಾಗದಲ್ಲಿ ಗುಳಿ ಬಿತ್ತು. ಹಸಿ ಹಿಟ್ಟಿನಲ್ಲಿ ಬೀಳುವ ಹಾಗೆ. ಅದು ಮುಚ್ಚಿಕೊಳ್ಳಲೇ ಇಲ್ಲ.

“ಎಷ್ಟು ದಿನದಿಂದ ಹೀಗೆ ಊದಿದೆ?”

“ಊದಿಲ್ಲ ಡಾಕ್ಟರ್, ಮೈ ಬಂದಿದೆ. ಶೀ ಹ್ಯಾಸ್ ಗೇನ್ಡ್ ಫೈವ್ ಕೆಜಿಸ್,” ಎಂದು ನೋಟ್‌ಬುಕ್ ಚಾಚಿದೆ.

ಅವರು ನೋಡಿದರು. ಹನ್ನೊಂದು ಸಾಲನ್ನೂ ನೋಡಿದರು, ಕೆಂಪು ಅಕ್ಷರವನ್ನೂ ನೋಡಿದರು. ಆಮೇಲೆ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗೇ ಕೊಟ್ಟು, “ಇದು ಮೈ ಅಲ್ಲಮ್ಮ, ನೀರು. ಶ್ವಾಸಕೋಶದಲ್ಲೂ ತುಂಬಿದೆ. ಆಂಬುಲೆನ್ಸಿಗೆ ಹೇಳ್ತೀನಿ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಂಬುಲೆನ್ಸಿನಲ್ಲಿ ಅವಳನ್ನು ಮಲಗಿಸಲಾಗಲಿಲ್ಲ, ಒರಗಿಸಿ ಕೂರಿಸಿದರು. ಆಕ್ಸಿಜನ್ ಮಾಸ್ಕಿನೊಳಗಿಂದ ಅವಳು ಕೇಳುತ್ತಿದ್ದದ್ದು ಒಂದೇ. “ಅಕ್ಕ, ನೀರು.” ಬೀರೂರು ದಾಟಿತು. “ಒಂದ್ ಗುಟುಕು ಅಕ್ಕ.” ನನ್ನ ಬ್ಯಾಗಿನಲ್ಲಿ ಬಾಟಲಿ ಇತ್ತು, ಕೈ ಬಾಟಲಿಯ ಮೇಲೇ ಇತ್ತು. ಜೊತೆಗಿದ್ದ ನರ್ಸಮ್ಮ ನನ್ನನ್ನೇ ನೋಡುತ್ತ ತಲೆಯಾಡಿಸಿದಳು. ಒಳಗೆಲ್ಲ ನೀರು ತುಂಬಿ ಮುಳುಗುತ್ತಿದ್ದವಳಿಗೆ ಬಾಯಾರಿಕೆ. ಕೊಟ್ಟರೆ ಅದೂ ಅಲ್ಲಿಗೇ ಹೋಗುತ್ತದೆ. ನಲವತ್ತು ವರ್ಷ ನನಗೆ ಬಡಿಸಿದವಳು ಒಂದು ಗುಟುಕು ನೀರು ಕೇಳುತ್ತಿದ್ದಾಳೆ, ನಾನು ಒದ್ದೆ ಕರ್ಚೀಫಿನಿಂದ ಅವಳ ತುಟಿ ಒರೆಸುತ್ತಿದ್ದೇನೆ. ತರೀಕೆರೆಯಲ್ಲಿ ನನ್ನ ಸ್ಕೂಲಿನ ಕಾಂಪೌಂಡು ಕಿಟಕಿಯಲ್ಲಿ ಹಾದುಹೋಯಿತು. ಬೆಳಗಿನ ಪ್ರೇಯರಿಗೆ ಮಕ್ಕಳು ಸಾಲಾಗಿ ನಿಂತಿದ್ದವು.

ಈ ಸಲ ಐಸಿಯುವಿನಲ್ಲಿ ನಾಲ್ಕು ದಿನ ಇಟ್ಟುಕೊಂಡರು. ನೀರು ಮತ್ತೆ ಇಳಿಯಿತು. ಅವಳು ಬದುಕಿದಳು. ಡಾಕ್ಟರು ರೌಂಡ್ಸಿಗೆ ಬಂದಾಗ ನಾನು ಎದ್ದು ನಿಂತು, “ಡಾಕ್ಟ್ರೇ, ನನಗೆ ಅವತ್ತು ಅರ್ಥ ಆಗಿರಲಿಲ್ಲ. ಆ ಅಜ್ಜನಿಗೆ ಹೇಳಿದ್ದನ್ನು ನನಗೂ ಕನ್ನಡದಲ್ಲಿ ಹೇಳಿ,” ಎಂದೆ.

ಅವರು ಯಾವ ಅಜ್ಜ ಎಂದು ಕೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ಹಾರ್ಟು ಸಡಿಲವಾದರೆ ರಕ್ತವನ್ನು ಮುಂದಕ್ಕೆ ತಳ್ಳಲು ಅದಕ್ಕೆ ಆಗುವುದಿಲ್ಲ, ಹಿಂದೆ ನಿಂತ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಉಪ್ಪು ಆ ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ. ಅದಕ್ಕೇ ನೀರು ಹೋಗುವ ಮಾತ್ರೆ, ಅದಕ್ಕೇ ಅಳತೆ. ಎಳನೀರೂ ನೀರೇ, ಮಜ್ಜಿಗೆಯೂ ನೀರೇ, ಸಾರೂ ನೀರೇ. “ಕಾಲು ಊದೋದು ಕಣ್ಣಿಗೆ ಕಾಣೋಕೆ ಮುಂಚೆ ತೂಕದಲ್ಲಿ ಕಾಣುತ್ತಮ್ಮ. ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಕಾಯಬಾರದು, ಫೋನ್ ಮಾಡಬೇಕು. ತೂಕ ಏರಬಾರದು ಅಂತಲೇ ಚಾರ್ಟು.”

“ನಾನು ಮೂರನೇ ದಿನವೇ ಫೋನ್ ಮಾಡಿದ್ದರೆ?”

“ಬಹುಶಃ ಈ ಅಡ್ಮಿಷನ್ ತಪ್ಪುತ್ತಿತ್ತು.” ಮತ್ತೆ ಹೇಳಿದರು, “ಪ್ರತಿ ಸಲ ಹೀಗಾದಾಗ ಹಾರ್ಟು ಸ್ವಲ್ಪ ಸೋಲುತ್ತೆ. ಮೊದಲಿನ ಹಾಗೆ ಮಾಡಿಕೊಡೋದು ನಮ್ಮ ಕೈಲಿಲ್ಲ. ಇರೋದನ್ನ ಕಾಪಾಡಿಕೊಂಡು ಹೋಗೋದು ಅಷ್ಟೆ. ಎಷ್ಟು ಸೋತಿತು ಅಂತ ನಾನು ಲೆಕ್ಕ ಕೊಡಲಾರೆ.”

ಆ ಲೆಕ್ಕವೇ ನನಗೆ ಬೇಕಾಗಿತ್ತು. ಬಿಪಿ ಮಾತ್ರೆ ಬಿಟ್ಟ ವರ್ಷಗಳ ಪಾಲೆಷ್ಟು, ನನ್ನ ಹನ್ನೊಂದು ದಿನದ ಪಾಲೆಷ್ಟು? ಅದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ವಾರ್ಡಿಗೆ ಹಾಕಿದ ಮೇಲೆ ಅವಳಿಗೆ ಹೇಳಿದೆ. ಮಂಚದ ಪಕ್ಕದಲ್ಲಿ ಕೂತು, ಚಾರ್ಟಿನ ವಿಷಯ, ಎಳನೀರಿನ ವಿಷಯ, ಡೌಟ್ ಇಲ್ಲ ಎಂದ ವಿಷಯ ಎಲ್ಲವನ್ನೂ. ಅವಳು ಸೀಲಿಂಗ್ ಫ್ಯಾನನ್ನು ನೋಡುತ್ತ ಕೇಳಿಸಿಕೊಂಡಳು.

“ನಂಗೆ ಗೊತ್ತಾಗಿತ್ತು ಕಣಕ್ಕ.”

“ಏನು ಗೊತ್ತಾಗಿತ್ತು?”

“ಇದು ಮೈಯಲ್ಲ ಅಂತ. ಐದನೇ ದಿನಕ್ಕೇ ಬಳೆ ಬಿಗಿಯಾಯ್ತು. ಚಪ್ಪಲಿ ಹಿಡಿಸ್ಲಿಲ್ಲ. ಮತ್ತೆ ಮೂರು ದಿಂಬಾಯ್ತು. ಮೊದ್ಲು ಆಸ್ಪತ್ರೆಗೆ ಬರೋ ಮುಂಚೇನೂ ಹಿಂಗೇ ಅಲ್ವಾ ಆಗಿದ್ದು?”

“ಮತ್ತೆ ಹೇಳಬಾರದಾ, ಮಂಕೇ!”

“ಹೆಂಗೆ ಹೇಳ್ಲಿ? ನೀನು ಓದ್ದೋಳು. ಅಷ್ಟು ಖುಷಿಯಾಗಿ ಕೆಂಪಗೆ ಬರೀತಿದ್ದೆ. ನಾಲ್ಕನೇ ಕ್ಲಾಸು ಮಾಡ್ದೋಳು, ನಂಗೇನು ತಿಳೀತದೆ, ನಿಂಗೆ ತಿಳೀದೇ ಇದ್ದದ್ದು ಅಂತ ಸುಮ್ನಾದೆ.” ಆಮೇಲೆ ನನ್ನ ಮುಖ ನೋಡಿ, “ಅಳ್ಬೇಡ ಬುಡು. ನರ್ಸಮ್ಮ ನೋಡ್ತಾ ಅವ್ಳೆ. ಸಾಯ್ತಿರೋಳು ನೀನೇ ಅಂದ್ಕೊಂಡಾಳು,” ಅಂದಳು.

ಅದು ಏಳು ತಿಂಗಳ ಹಿಂದಿನ ಮಾತು. ಈಗ ಮನೆಯಲ್ಲಿ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತದೆ. ಬಿಪಿ ಮಾತ್ರೆಯ ಸ್ಟ್ರಿಪ್ಪು ಸಾಸಿವೆ ಡಬ್ಬಿಯ ಮುಂದೆ ಬಂದಿದೆ. ಎಳನೀರು ತಂದ ತಮ್ಮನನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದೇನೆ, ಅವನಿಗೆ ಬೇಜಾರಾಗಿದೆ. ಬೆಳಗ್ಗೆ ಮೆಷಿನ್ ಹತ್ತುವ ಮುಂಚೆ ಅವಳನ್ನೇ ಕೇಳುತ್ತೇನೆ, “ಏನನ್ನಿಸುತ್ತೆ?” ಅವಳು ಬಳೆ ತಿರುಗಿಸಿ ನೋಡಿ, “ಇವತ್ತು ನಿನ್ನೆಯಷ್ಟೇ,” ಎಂದೋ “ಸ್ವಲ್ಪ ಜಾಸ್ತಿ ಐತೆ,” ಎಂದೋ ಹೇಳುತ್ತಾಳೆ. ಮೆಷಿನ್ನು ಒಂದು ದಿನವೂ ಅವಳ ಮಾತು ಮೀರಿಲ್ಲ. ತಾರೀಖು, ತೂಕ ಅಷ್ಟನ್ನೇ ಬರೆಯುತ್ತೇನೆ. ಕೆಂಪು ಪೆನ್ನನ್ನು ಎಸೆದಿದ್ದೇನೆ.

ಇಷ್ಟು ಸರಿಯಾಗಿ ಮಾಡಿದರೂ ತೂಕ ಏರುತ್ತದೆ. ಎರಡು ಸಲ ಫೋನ್ ಮಾಡಿದೆ, ಮಾತ್ರೆ ಹೆಚ್ಚಿಸಿದರು. ಮೊದಲು ಒಂದಕ್ಕೆ ಇಳಿಯುತ್ತಿದ್ದ ನೀರು ಈಗ ಎರಡಕ್ಕೂ ಇಳಿಯುವುದಿಲ್ಲ. ಇನ್ನು ಮುಂದೆ ಹೀಗೇ, ಮಧ್ಯದ ದಿನಗಳು ಕಡಿಮೆಯಾಗುತ್ತ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಕನ್ನಡದಲ್ಲೇ ಹೇಳಿದರು. ಪೂರ್ತಿ ಅರ್ಥವಾಯಿತು.

ಇವತ್ತು ಬೆಳಗ್ಗೆ ನಾನು ಕೇಳುವ ಮೊದಲೇ ಅವಳು, “ಇವತ್ತು ನಿನ್ನೇದೇ ಬರಿ ಅಕ್ಕ,” ಅಂದಳು. ಮೆಷಿನ್ ಹತ್ತಿಸಿದೆ. ಮೂರು ದಿನದಲ್ಲಿ ಎರಡೂಕಾಲು ಕೆಜಿ.

“ಶನಿವಾರ ಮಗಳು ಬತ್ತಾಳೆ. ಒಬ್ಬಟ್ಟು ಮಾಡಿಕೊಡ್ತೀನಿ ಅಂತ ಒಪ್ಕೊಂಡಿದೀನಿ. ಈಗ ಶಿವಮೊಗ್ಗಕ್ಕೆ ಹೋದ್ರೆ ಮತ್ತೆ ಆ ಮಂಚ, ಆ ಸೂಜಿ. ಎರಡು ದಿನ ತಡೆಯಕ್ಕ. ನೀನು ಬರೀದಿದ್ರೆ ಯಾರಿಗ್ ಗೊತ್ತಾಗ್ತದೆ?”

ನಾನು ಇದ್ದದ್ದನ್ನೇ ಬರೆದೆ. ಫೋನ್ ಮಾಡಿದೆ. ನಾಳೆ ಕರೆದುಕೊಂಡು ಬನ್ನಿ ಎಂದರು. ಅವಳು ಜಗಲಿಗೆ ಹೋಗಿ ನನಗೆ ಬೆನ್ನು ಹಾಕಿ ಕೂತಳು. ಕಾಫಿ ಅರ್ಧ ಲೋಟ ಕೊಟ್ಟೆ, ತೆಗೆದುಕೊಂಡಳು. ಕುಡಿದು ಮುಗಿಸಿ, ತಿರುಗದೆಯೇ ಕೇಳಿದಳು.

“ಪಕ್ಕದಲ್ಲಿ ಏನಾರ ಬರ್ದಾ?”

“ಏನೂ ಇಲ್ಲ.”

“ಏನಾರ ಬರಿಯಕ್ಕ. ಖಾಲಿ ಬುಟ್ರೆ ಭಯ ಆಗ್ತದೆ.”

ಮೊಳೆಯಿಂದ ನೋಟ್‌ಬುಕ್ ತೆಗೆದು ಅವಳ ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಪೆನ್ನು ಹಿಡಿದಿದ್ದು, ಕೊನೆಗೆ, ‘ನಾಳೆ ಹತ್ತು ಗಂಟೆಗೆ ಕಾರು’ ಎಂದು ಕನ್ನಡದಲ್ಲಿ ಬರೆದೆ. ಅವಳು ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತ ಓದಿದಳು.

“ಇದಲ್ಲಕ್ಕ. ಮೊದ್ಲು ಕೆಂಪಗೆ ಬರೀತಿದ್ಯಲ್ಲ, ಅದು,” ಅಂದಳು.